ಕಕ್ಕಿಂಜೆಯ ಗೀರು

ಹಳೆಯ ಅಲ್ಯೂಮಿನಿಯಂ ತಟ್ಟೆಯ ಸೀಮೆಎಣ್ಣೆಯಲ್ಲಿ ಕಾರ್ಬುರೇಟರಿನ ಬಿಡಿಭಾಗಗಳನ್ನು ಅದ್ದಿ, ಹಿಡಿಸೂಡಿ ಪೊರಕೆಯ ಕಡ್ಡಿಯಿಂದ, ಪೆಟ್ರೋಲು ಹಾಯುವ ಜೆಟ್ಟಿನ ತೂತನ್ನು ಚೊಕ್ಕಮಾಡುತ್ತ ಶ್ರೀ ಪದ್ಮಯ್ಯನವರು ಆಸ್ಪತ್ರೆಯ ಗಾಡಿ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ನಿವೃತ್ತಿಗೆ ಒಂಬತ್ತೇ ದಿನ ಉಳಿದಿತ್ತು.

“ಇನ್ನು ನಿಮಗೆ ಯಾಕೆ ಇದೆಲ್ಲ? ಮುಂದೆ ಬರುವವರು ಮಾಡಿಕೊಳ್ತಾರೆ” ಎಂದರು ಹೆರಿಗೆಯ ದಾದಿ ದಮಯಂತಿಯವರು.

“ಮುಂದಕ್ಕೆ ಹಾಕಿದ್ದಕ್ಕೇ ಅಲ್ವಾ ಅಕ್ಕ, ಒಮ್ಮೆ ಆದದ್ದು” ಎಂದು ಪದ್ಮಯ್ಯನವರು ತಲೆ ಎತ್ತದೆ ಉತ್ತರಿಸಿದರು.

ಬಂಟ್ವಾಳದಿಂದ ಚಾರ್ಮಾಡಿಯ ಬುಡದವರೆಗೆ, ಇತ್ತ ಮೂಡುಬಿದಿರೆಯವರೆಗೆ, ಮೋಟಾರು ಸೈಕಲಿನ ಕೆಮ್ಮು ಕೇಳಿಯೇ ಅದರ ಕಾಯಿಲೆ ಹೇಳಬಲ್ಲವರು ಯಾರು ಎಂದರೆ ಜನ ಬೆರಳು ತೋರಿಸುವುದು ಇವರ ಕಡೆಗೆ. ಬಂಟ್ವಾಳದ ಅಬ್ದುಲ್ ರವೂಫ್ ಸಾಹೇಬರ ಗ್ಯಾರೇಜಿನಲ್ಲಿ ಕೆಲಸ ಕಲಿತು, ೧೯೫೧ರಲ್ಲಿ ಬೆಳ್ತಂಗಡಿಯ ನಮ್ಮ ಧರ್ಮಾಸ್ಪತ್ರೆಗೆ ಮೆಕ್ಯಾನಿಕರಾಗಿಯೂ ಸವಾರರಾಗಿಯೂ ಬಂದರು. ಯುದ್ಧದಲ್ಲಿ ದುಡಿದು ಮುದಿಯಾಗಿದ್ದ, ಪಕ್ಕಕ್ಕೆ ತೊಟ್ಟಿಲಿನಂಥ ಪೆಟ್ಟಿಗೆ ಜೋಡಿಸಿದ್ದ ಒಂದು ಮೋಟಾರು ಸೈಕಲು ಅವರಿಗಾಗಿ ಕಾದಿತ್ತು. ಆ ಪೆಟ್ಟಿಗೆಯಲ್ಲಿ ದಾದಿಯನ್ನು ಕೂರಿಸಿಕೊಂಡು ಹೆರಿಗೆಯ ಮನೆಗೆ ಮುಟ್ಟಿಸುವುದೇ ಅವರ ಉದ್ಯೋಗ.

ಸಿದ್ಧಕಟ್ಟೆಯ ಬಾಣಂತಿಯೊಬ್ಬರನ್ನು ಮನೆಗೆ ಬಿಡುವಾಗ, ಹೊಂಡ ಕಂಡಲ್ಲೆಲ್ಲ ಇಳಿದು, ಎಂಜಿನು ನಿಲ್ಲಿಸಿ, ಗಾಡಿಯನ್ನು ಕೈಯಿಂದಲೇ ದೂಡಿ ದಾಟಿಸಿದ್ದರು. ಪೆಟ್ಟಿಗೆಯೊಳಗೆ ಹಾಸಿದ್ದು ತಮ್ಮದೇ ಒಗೆದ ವೇಷ್ಟಿ ಪಂಚೆ. ಇದನ್ನು ಕೇಳಿ ರವೂಫ್ ಸಾಹೇಬರು, “ನೀನು ಗಾಡಿ ಓಡಿಸುವುದಲ್ಲ ಮಾರಾಯ, ಮದುಮಗಳನ್ನು ನಡೆಸಿಕೊಂಡು ಹೋಗುವುದು!” ಎಂದು ನಕ್ಕಿದ್ದರಂತೆ.

ಆ ಗಾಡಿಗೆ ಬಿಡಿಭಾಗ ಸಿಗುವುದೆಂದರೆ ಹುಲಿಯ ಹಾಲು ತಂದಂತೆ. ಕಾರ್ಬುರೇಟರಿನೊಳಗೆ ಏರಿಳಿಯುವ ಕೊಳವೆ ಸವೆದಾಗ ಮೂಡುಬಿದಿರೆಯ ದೀಪ ಎರೆಯುವ ಕಂಚುಗಾರರೊಬ್ಬರ ಮುಂದೆ ಮೂರು ದಿನ ಕುಳಿತು, ಹಿತ್ತಾಳೆಯದು ಮಾಡಿಸಿ ತಂದರು. ಆದರೆ ಕಾರ್ಬುರೇಟರಿನಲ್ಲಿ ಪೆಟ್ರೋಲು ತುಂಬಿದಾಗ ಅದರ ಬಾಯಿ ಮುಚ್ಚುವ ಸಣ್ಣ ಸೂಜಿಯೊಂದು ಉಂಟು. ಅದು ಕಂಚುಗಾರರ ಕೈಗೆ ನಿಲುಕುವಂಥದ್ದಲ್ಲ. ಅದು ಸವೆದರೆ ಪೆಟ್ರೋಲು ತಡೆಯಿಲ್ಲದೆ ಸೋರುತ್ತದೆ. ೧೯೫೮ರಲ್ಲಿ ರವೂಫ್ ಸಾಹೇಬರು ಮದ್ರಾಸಿಗೆ ಬರೆದು, ಐದು ತಿಂಗಳು ಕಾದು, ಆ ಸೂಜಿಯನ್ನೂ ಹೊಸ ಜೆಟ್ಟನ್ನೂ ತರಿಸಿಕೊಟ್ಟರು.

“ಇವತ್ತೇ ಹಾಕು. ಸವೆದ ಸೂಜಿ ಯಾರಿಗೂ ಕಾಯುವುದಿಲ್ಲ” ಎಂದರು.

“ಎಂಟು ದಿನ ಅಲ್ವಾ ಸಾಹೇಬ್ರೆ? ಆಯುಧಪೂಜೆಗೆ ಹೂ ಇಟ್ಟು ಹಾಕಿದ್ರೆ ವರ್ಷ ಪೂರ್ತಿ ಒಳ್ಳೇದು.”

ಹೊಸ ಸಾಮಾನನ್ನು ಪೂಜೆಗೆ ಮೊದಲು ಮುಟ್ಟದಿರುವುದು ನಮ್ಮವರ ರೂಢಿ. ಅದರಲ್ಲಿ ಯಾರೂ ತಪ್ಪು ಕಾಣುವುದಿಲ್ಲ. ಪದ್ಮಯ್ಯನವರು ಪೊಟ್ಟಣಕ್ಕೆ ಅರಸಿನ ಹಚ್ಚಿ ಕೊಟ್ಟಿಗೆಯ ಗೂಡಿನಲ್ಲಿಟ್ಟರು.

ಪೂಜೆಗೆ ಮೂರು ದಿನ ಇರುವಾಗ ಬೆಳಿಗ್ಗೆ ಕಕ್ಕಿಂಜೆಯಿಂದ ಕರೆ ಬಂತು. ಕೂಸಪ್ಪನೆಂಬ ಕೃಷಿಕನ ಹೆಂಡತಿ ಸೇಸಮ್ಮನಿಗೆ ಚೊಚ್ಚಲ ಹೆರಿಗೆ, ರಕ್ತ ನಿಲ್ಲುತ್ತಿಲ್ಲ. ಟಾಂಕಿಯಲ್ಲಿ ಪೆಟ್ರೋಲು ಅಳೆಯಲು ಪದ್ಮಯ್ಯನವರ ಬಳಿ ಒಂದು ಬಿದಿರ ಕಡ್ಡಿ ಇತ್ತು. ಅದರ ಮೇಲೆ ಊರೂರಿಗೆ ಒಂದೊಂದು ಗೀರು: ಇಷ್ಟಿದ್ದರೆ ಸಿದ್ಧಕಟ್ಟೆ, ಇಷ್ಟಿದ್ದರೆ ಮೂಡುಬಿದಿರೆ. ಕಡ್ಡಿ ಇಳಿಸಿ ನೋಡಿದರು. ಒದ್ದೆ ಸರಿಯಾಗಿ ಕಕ್ಕಿಂಜೆಯ ಗೀರಿಗೆ ಮುಟ್ಟಿತ್ತು. ದಮಯಂತಿಯವರನ್ನು ಕೂರಿಸಿಕೊಂಡು ಹೊರಟರು. ಆ ಗೀರು ಎಳೆದದ್ದು ಸೂಜಿ ಗಟ್ಟಿಯಿದ್ದ ಕಾಲದಲ್ಲಿ ಎಂಬುದು ಅವಸರದಲ್ಲಿ ಅವರಿಗೆ ಹೊಳೆಯಲಿಲ್ಲ.

ಕಕ್ಕಿಂಜೆಗೆ ಒಂದೂವರೆ ಮೈಲಿ ಇರುವಾಗ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ತಿರುಗಿ ನೋಡಿದರೆ, ಬಂದ ದಾರಿಯ ಧೂಳಿನಲ್ಲಿ ಪೆಟ್ರೋಲಿನ ಹನಿಗಳು ಸಾಲಾಗಿ ಬಿದ್ದಿದ್ದವು. ದಮಯಂತಿಯವರು ಚೀಲ ಹೊತ್ತು ಓಡಿದರು. ಪದ್ಮಯ್ಯನವರು ಆ ಭಾರದ ಗಾಡಿಯನ್ನು ಏರುದಾರಿಯಲ್ಲಿ ದೂಡುತ್ತ, ಹಿಂದೆ ಹೋಗಲಿಕ್ಕಾದರೂ ಯಾರಾದರೂ ಪೆಟ್ರೋಲು ಕೊಟ್ಟಾರೆಂಬ ಆಸೆಯಿಂದ ಅಂಗಳ ಸೇರಿದಾಗ ಒಳಗೆ ಮಗು ಅಳುತ್ತಿತ್ತು. ತಾಯಿಯ ಮುಖಕ್ಕೆ ಬಟ್ಟೆ ಎಳೆದಾಗಿತ್ತು.

“ಅರ್ಧ ಗಂಟೆ ಮೊದಲು ಬಂದಿದ್ದರೆ...” ಎಂದ ದಮಯಂತಿಯವರು ಅವರ ಮುಖ ನೋಡಿ, ಮಗುವನ್ನು ಎತ್ತಿಕೊಳ್ಳಲು ಒಳಗೆ ಹೋದರು.

ಅದೇ ಸಂಜೆ ಪೂಜೆಯಿಲ್ಲದೆ, ಹೂವಿಲ್ಲದೆ ಹೊಸ ಸೂಜಿ, ಜೆಟ್ಟು ಹಾಕಿದರು. ಒಂದು ವೀಳ್ಯ ಜಗಿದು ಮುಗಿಸುವಷ್ಟೇ ಹೊತ್ತಿನ ಕೆಲಸ. ಆಮೇಲೆ ಆ ಗಾಡಿ ದಾರಿಯಲ್ಲಿ ಒಮ್ಮೆಯೂ ನಿಂತದ್ದಿಲ್ಲ, ಎಷ್ಟೋ ತಾಯಂದಿರು ಅದರಿಂದ ಬದುಕಿದರು. ಹಾಗೆಂದು ನಾವು ಹೇಳಿದರೆ, “ಲೆಕ್ಕ ಹಾಗೆ ಸರಿಹೋಗುವುದಿಲ್ಲ” ಎಂದು ಎದ್ದು ಹೋಗುತ್ತಿದ್ದರು.

ಕೂಸಪ್ಪನಿಗೆ ತಿಳಿದದ್ದು ಮುದಿ ಗಾಡಿ ಕೆಟ್ಟಿತೆಂದು ಮಾತ್ರ. ಪ್ರತಿ ವರ್ಷ ಆ ದಿನ ಎರಡು ಸೌತೆಕಾಯಿ ಹೊತ್ತು ಬರುತ್ತಿದ್ದ. “ಹಳೇ ಗಾಡಿ, ನೀವೇನು ಮಾಡ್ತೀರಿ ಪದ್ಮಯ್ಯಣ್ಣ? ಅಷ್ಟು ದೂರ ದೂಡಿಕೊಂಡು ಬಂದ್ರಲ್ಲ, ಅದನ್ನು ನಾನು ಸತ್ತರೂ ಮರೆಯುವುದಿಲ್ಲ” ಎನ್ನುತ್ತಿದ್ದ. ಆ ಕಾಯಿಗಳು ಆಸ್ಪತ್ರೆಯ ಅಡುಗೆಮನೆಗೆ ಹೋಗುತ್ತಿದ್ದವು. ಎಲ್ಲರೂ ಅದರ ಕೊದ್ದೆಲು ಹುಳಿ ಉಣ್ಣುವಾಗ ಪದ್ಮಯ್ಯನವರ ಬಟ್ಟಲಿನಲ್ಲಿ ಗಂಜಿ, ಉಪ್ಪಿನಕಾಯಿ ಅಷ್ಟೆ.

ಹೊಸ ಸೂಜಿ ಗೂಡಿನಲ್ಲಿತ್ತು ಎಂಬ ಸತ್ಯವನ್ನು ಅವರು ಸಾವಾದ ವಾರವೇ ಕೂಸಪ್ಪನಿಗೆಂದು ಇನ್‌ಲ್ಯಾಂಡ್ ಕಾಗದದಲ್ಲಿ ಬರೆದಿದ್ದರು. ಕಳಿಸಲು ಕೈ ಬರಲಿಲ್ಲ, ಅದೂ ಆ ಗೂಡನ್ನೇ ಸೇರಿತು. ಕೂಸಪ್ಪನಿಗೆ ಓದು ಬಾರದು, ಬೇರೆಯವರ ಬಾಯಿಂದ ಕೇಳಬೇಕು. ಮಗಳು ಶಾಲೆ ಸೇರಿದ ಮೇಲಂತೂ ಇನ್ನೂ ಕಷ್ಟ: ತಾಯಿ ಹೇಗೆ ಸತ್ತಳೆಂಬುದನ್ನು ಆ ಕೂಸೇ ಅಪ್ಪನಿಗೆ ಓದಿ ಹೇಳಬೇಕಿತ್ತು. ಎದುರಿಗೆ ಹೇಳೋಣವೆಂದರೆ ಪ್ರತಿ ವರ್ಷವೂ ಆ ಸೌತೆಕಾಯಿ ಬಾಯಿ ಕಟ್ಟುತ್ತಿತ್ತು.

ಮೊದಲು ಹೇಳಿದ ಆ ದಿನ, ಸೀಮೆಎಣ್ಣೆಯ ತಟ್ಟೆ ಇನ್ನೂ ಮೆಟ್ಟಿಲ ಮೇಲಿರುವಾಗಲೇ, ನಿವೃತ್ತಿಯ ಸುದ್ದಿ ಕೇಳಿ ಕೂಸಪ್ಪ ಬಂದ. ಒಳಗೆ ಬಾರದೆ ಗೇಟಿನ ಹಲಗೆಯ ಮುಂದೆ ನಿಂತು ಬೆರಳಿಟ್ಟು ಓದಿದ: “ಧ... ರ್ಮಾ... ಸ್ಪ... ತ್ರೆ. ಸರಿ ಉಂಟಾ ಪದ್ಮಯ್ಯಣ್ಣ? ರಾತ್ರಿ ಶಾಲೆಗೆ ಹೋಗ್ತೇನೆ ಈಗ. ಅಪ್ಪ ಒಂದನೇ ಕ್ಲಾಸಲ್ಲಿ ಅಂತ ಮಗಳು ನಗಾಡ್ತಾಳೆ. ಇನ್ನು ನನಗೆ ಕಾಗದ ಬಂದ್ರೆ ಯಾರ ಕಾಲೂ ಹಿಡಿಯುವುದು ಬೇಡ, ನಾನೇ ಓದ್ತೇನೆ.”

“ನಿನಗೆ ಯಾರು ಬರೀತಾರೆ ಮಾರಾಯ?” ಎಂದರು ಪದ್ಮಯ್ಯನವರು.

“ಯಾರೂ ಇಲ್ಲದಿದ್ರೆ ನೀವು ಬರೀರಿ!”

ಅವರ ನಿವೃತ್ತಿಗೆಂದು ನಾವು ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ತಮ್ಮ ವಿಷಯ ಬರೆಯುವುದಾದರೆ ಇದನ್ನು ಬಿಟ್ಟು ಬರೆಯಬಾರದು, ಅಚ್ಚಿಗೆ ಹೋಗುವ ಮೊದಲು ಕೂಸಪ್ಪನಿಗೆ ತಿಳಿದಿರಬೇಕು ಎಂಬುದು ಅವರೇ ಹಾಕಿದ ಷರತ್ತು. ಇಷ್ಟು ಭಾರ ಹೊತ್ತವರಿಗೆ ನೂರು ವರ್ಷ ಬಾಳಿ ಎಂದು ಹರಸಲು ನಾಲಿಗೆ ಹಿಂಜರಿಯುತ್ತದೆ, ಆದರೂ ಹರಸುತ್ತೇವೆ. ರವೂಫ್ ಸಾಹೇಬರ ಗ್ಯಾರೇಜಿನಲ್ಲಿ ಅವರಿಗಾಗಿ ಒಂದು ಮಣೆ ಕಾದಿದೆ. ಕಣ್ಣು ಮಂಜಾಗುವವರೆಗೂ ಆ ಕೈಗಳಿಗೆ ಕೆಲಸ ಇರಲಿ.

ಕೂಸಪ್ಪ ಬಂದು ಹೋದ ಮರುದಿನ ಬೆಳಿಗ್ಗೆ ಪದ್ಮಯ್ಯನವರು ಗೂಡಿನಿಂದ ಆ ಕಾಗದ ತೆಗೆದರು. ಅರಸಿನದ ಕಲೆ ಅದಕ್ಕೂ ಹತ್ತಿತ್ತು. ಹನ್ನೊಂದು ವರ್ಷದ ಹಿಂದಿನ ಅಂಚೆ ದರ ಈಗ ಸಾಲದೆಂದು ಇನ್ನೊಂದು ಚೀಟಿ ಅಂಟಿಸಿದರು. ಒಳಗಿನ ಸಣ್ಣ ಅಕ್ಷರಗಳ ಮೇಲೆ, ಹೊಸದಾಗಿ ಓದು ಕಲಿತವನಿಗೆ ತಿಳಿಯಲೆಂದು, ಅವೇ ಮಾತುಗಳನ್ನು ದಪ್ಪಕ್ಕೆ ಬಿಡಿಸಿ ಬರೆದು ತಿದ್ದಿದರು. ಅಂಚೆ ಪೆಟ್ಟಿಗೆಯ ಬಾಯಿಗೆ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಬೆರಳು ಸಡಿಲಿಸಿದರು.