ರಾಣಿ ಮಿಂದ ಹಾಲಿನ ತೊಟ್ಟಿ

ಇದನ್ನು ಬರೆಯಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿ ವಾರ ಅಂಕಣ ಬರೆಯಲು ಕೂತಾಗ ಬೇರೆ ಏನಾದರೂ ಸಿಗುತ್ತಿತ್ತು. ಬೀದರಿನ ಟ್ರಾಫಿಕ್ಕು, ಭಾಲ್ಕಿ ಬಸ್ಸಿನ ಸೀಟು, ಮದುವೆ ಊಟದ ನೂಕುನುಗ್ಗಲು. ಊರಿನವರ ತಪ್ಪುಗಳೇ ಅಷ್ಟೊಂದಿರುವಾಗ ನನ್ನದಕ್ಕೆಲ್ಲಿ ಜಾಗ?

ಕಳೆದ ವಾರ ಜಾಗ ಮಾಡಿಕೊಳ್ಳಬೇಕಾಯಿತು.

ಭಾಲ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ ಹಳೆಯ ದೇಶಮುಖರ ವಾಡೆ, ಅಂದರೆ ಜಮೀನ್ದಾರರ ದೊಡ್ಡ ಮನೆಯಿದೆ. (ಊರಿನ ಹೆಸರು ಹೇಳುವುದಿಲ್ಲ. ಜೀರ್ಣೋದ್ಧಾರ ಸಮಿತಿಯವರು ಈಗಾಗಲೇ ನನ್ನ ಮೇಲೆ ಸಿಟ್ಟಾಗಿದ್ದಾರೆ.) ಮೊಳಗಟ್ಟಲೆ ದಪ್ಪದ ಗೋಡೆ, ಹಿಂದೆ ತೋಟ, ತೋಟದ ನಡುವೆ ಕಲ್ಲಿನ ತೊಟ್ಟಿ. ತೊಟ್ಟಿಯ ಮುಂದೆ ಬೋರ್ಡು: ‘ರಾಣಿ ಚಂದ್ರಪ್ರಭಾದೇವಿಯವರು ಹಾಲಿನಲ್ಲಿ ಮೀಯುತ್ತಿದ್ದ ತೊಟ್ಟಿ.’

ಅಂಥ ರಾಣಿ ಇರಲೇ ಇಲ್ಲ. ನನಗೆ ಚೆನ್ನಾಗಿ ಗೊತ್ತು. ಅವಳನ್ನು ಹುಟ್ಟಿಸಿದವನೇ ನಾನು.

ಮೂರು ವರ್ಷದ ಹಿಂದೆ ವಾಡೆಯ ಜೀರ್ಣೋದ್ಧಾರಕ್ಕೆ ಸಮಿತಿಯಾಯಿತು. ಅಧ್ಯಕ್ಷರಿದ್ದರು, ಕಂಟ್ರಾಕ್ಟರ್ ಇದ್ದ, ಗುಲಾಬಿ ಪೇಂಟು ಬಂದು ಬಿದ್ದಿತ್ತು. ಇತಿಹಾಸ ಮಾತ್ರ ಇರಲಿಲ್ಲ. ಮ್ಯಾಟ್ರಿಕ್ ಪಾಸಾಗಿ ಪೇಪರಿಗೆ ಅಂಕಣ ಬರೆಯುವವನು ಕೈಗೆ ಸಿಕ್ಕರೆ ಬಿಡುತ್ತಾರೆಯೇ? ನಾನು ವಿಚಾರಿಸಿದೆ. ದೇಶಮುಖರು ಜೋಳ ಬೆಳೆದರು, ಅಣ್ಣತಮ್ಮಂದಿರು ಕೋರ್ಟಿಗೆ ಅಲೆದರು, ಸತ್ತರು. ಇದನ್ನು ನೋಡಲು ಯಾರು ಟಿಕೆಟ್ ತೆಗೆಸುತ್ತಾರೆ?

ಆಗ ತೊಟ್ಟಿ ಕಣ್ಣಿಗೆ ಬಿತ್ತು. ಮೇಲೆ ತಿಳಿನೀರು, ತಳದಲ್ಲಿ ಮೊಸರಿನಂಥ ಬಿಳಿ ಗಟ್ಟಿ. ನನಗೆ ಹಾಲು ಹೊಳೆಯಿತು. ಹಾಲಿನ ಹಿಂದೆಯೇ ರಾಣಿ ಬಂದಳು.

ಮಾವಿನ ಮರದ ಕೆಳಗೆ ಮೀಟಿಂಗು. ನಾನು ರಾಣಿಯ ಕಥೆ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತೋಟಕ್ಕೆ ನೀರು ಬಿಡುತ್ತಿದ್ದ ಹೆಂಗಸು ಸಲಿಕೆ ಹಿಡಿದು ಅಲ್ಲಿಗೇ ಬಂದಳು. ಅವಳ ಅತ್ತೆಯ ಕಾಲದಿಂದಲೂ ಆ ತೋಟದ ಕೆಲಸ ಅವರದೇ ಕೈಯಲ್ಲಿತ್ತು.

“ಅದು ಹಾಲಿಂದಲ್ರಿ ದಾದಾ, ಸುಣ್ಣದ್ದು. ನಮ್ಮತ್ತಿ ನೆನಿ ಹಾಕ್ಯಾಳ. ಮ್ಯಾಲ ನಾಕ ಬೆರಳ ನೀರ ನಿಂತಿರಬೇಕು. ಆರಿದ್ರ ಸತ್ತು ಹೋಗ್ತದ. ಗ್ವಾಡಿಗಿ ಅದೇ ಬೇಕ್ರಿ, ಸಿಮೆಂಟ್ ಹಚ್ಚಬ್ಯಾಡ್ರಿ. ಗ್ವಾಡಿ ಉಸಿರ ಕಟ್ತದ.”

“ಗ್ವಾಡಿಗಿ ಮೂಗದ ಏನವ್ವಾ?” ಎಂದ ಕಂಟ್ರಾಕ್ಟರ್.

ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದೆ: “ಏ ಮುದುಕಿ, ಇತಿಹಾಸ ಕಲಿಸ್ತಿ ಏನ ನನಗ? ಸಾಲಿ ಎಷ್ಟನೇ ಕ್ಲಾಸ್ ತನಕ ಕಲ್ತಿ?”

ನಗು. ದೊಡ್ಡ ನಗು.

ಈಗ ನಿಜ ಹೇಳುತ್ತೇನೆ. ಅದು ಸುಣ್ಣ ಎಂದು ನನಗೆ ಗೊತ್ತಿತ್ತು. ಭಾಲ್ಕಿಯಲ್ಲಿ ನಾನು ಮನೆ ಕಟ್ಟಿಸುವಾಗ ಅದೇ ತೊಟ್ಟಿಯಿಂದ ಎರಡು ಬುಟ್ಟಿ ತುಂಬಿಕೊಟ್ಟವಳು ಅವಳೇ. “ದೇವರ ಖೋಲಿಗಿ ಹಚ್ಚರಿ ದಾದಾ, ಬೆಣ್ಣಿ ಆಗ್ಯಾದ” ಅಂದಿದ್ದಳು. ಅವತ್ತಿನಿಂದ ಆ ಮೀಟಿಂಗಿನವರೆಗೂ ಅವಳನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದೆ.

ಆ ಎರಡು ಬುಟ್ಟಿಯ ಮಾತು ಅವಳು ಎತ್ತಬಹುದಿತ್ತು. ಎತ್ತಲಿಲ್ಲ. ಸೆರಗು ಸರಿಮಾಡಿಕೊಂಡು, “ಇದ್ದೀತ್ರಿ. ನೀವು ಕಲ್ತವರು” ಎಂದಳು. ಅಷ್ಟೇ.

ಮರುದಿನ ಸುಣ್ಣವೆಲ್ಲ ಟ್ರ್ಯಾಕ್ಟರಿನಲ್ಲಿ ಹೋಗಿ ಹಳ್ಳಕ್ಕೆ ಬಿತ್ತು. ತೊಟ್ಟಿಗೆ ನೀಲಿ ಟೈಲ್ಸು, ಕಾರಂಜಿ. ಗೋಡೆಗೆ ಸಿಮೆಂಟು, ಗುಲಾಬಿ ಪೇಂಟು. ಅವಳು ನೀರು ಬಿಡುತ್ತಿದ್ದ ಕಾಲುವೆಯಿದ್ದಲ್ಲಿ ಲಾನ್. ಲಾನಿಗೆ ಪೈಪು ಬಂದ ಮೇಲೆ ಅವಳೇಕೆ? ಅವಳು ಔರಾದಿನ ತಂಗಿಯ ಮನೆಗೆ ಹೊರಟುಹೋದಳು.

ನನ್ನ ರಾಣಿ ಮಾತ್ರ ಭರ್ಜರಿ ಓಡಿದಳು. ಗೈಡ್ ಆಕೆಗೆ ಒಬ್ಬ ಸವತಿಯನ್ನೂ ಸೇರಿಸಿದ. ಹೆಂಗಸರು ಕಾರಂಜಿ ನೀರನ್ನು ಮುಖಕ್ಕೆ ಹಚ್ಚಿಕೊಳ್ಳತೊಡಗಿದರು. (ನನ್ನ ಸ್ವಂತ ಸೊಸೆ ಬಾಟಲಿಯಲ್ಲಿ ತಂದಳು. ನಾನು ಬಾಯಿ ಬಿಟ್ಟೆನೇ?)

ಗೋಡೆ ಮಾತ್ರ ಕಥೆ ನಂಬಲಿಲ್ಲ. ಮೂರು ಮಳೆಗಾಲಕ್ಕೆ ಹೊಟ್ಟೆ ಉಬ್ಬಿಸಿತು, ಪದರು ಪದರಾಗಿ ಉದುರಿತು. ಹಿಂದಿನ ಮೂಲೆ ಕುಸಿದೇಬಿಟ್ಟಿತು.

ಕಳೆದ ವಾರ ಕಲಬುರಗಿಯಿಂದ ಹಳೆ ಕಟ್ಟಡ ಬಲ್ಲ ಎಂಜಿನಿಯರ್ ಬಂದರು. ಹರೆಯದ ಹೆಣ್ಣುಮಗಳು. ತೊಟ್ಟಿಯ ಒಂದು ಟೈಲ್ಸ್ ಕಿತ್ತರು, ಕಲ್ಲಿನ ಸಂದಿಯಲ್ಲಿ ಉಳಿದಿದ್ದ ಬಿಳಿಯನ್ನು ಉಗುರಿನಿಂದ ಕೆರೆದರು.

“ಇದು ಸುಣ್ಣದ ತೊಟ್ಟಿ ಅಲ್ಲೇನ್ರಿ! ವರ್ಷಗಟ್ಲೆ ನೀರಾಗ ಇದ್ದ ಸುಣ್ಣ ಬಂಗಾರರಿ. ಈ ಗೋಡಿ ಉಳಿಬೇಕಂದ್ರ ಅದೇ ಬೇಕಿತ್ತು. ಎಲ್ಲಿ ಹೋತು?”

ಅಧ್ಯಕ್ಷರು ಕೆಮ್ಮಿದರು. “ಇತಿಹಾಸ ಏನಿದ್ರೂ ಇವರ ಡಿಪಾರ್ಟ್‌ಮೆಂಟರಿ. ಅವರಿಗೇ ಕೇಳ್ರಿ.”

“ಯಾರಿಗೂ ಗೊತ್ತಿರಲಿಲ್ಲೇನ್ರಿ ಕಾಕಾ?” ಎಂದು ಆಕೆ ನನ್ನನ್ನೇ ಕೇಳಿದರು.

“ಒಬ್ಬಾಕಿಗೆ ಗೊತ್ತಿತ್ತವ್ವಾ” ಎಂದೆ. ನನಗೂ ಗೊತ್ತಿತ್ತು ಎನ್ನಲು ನಾಲಗೆ ಏಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ಮೂರು ವರ್ಷದಲ್ಲಿ ಔರಾದಿಗೆ ಎರಡು ಸಲ ಹೋದೆ. ಎರಡು ಸಲವೂ ಬಸ್ ಸ್ಟ್ಯಾಂಡಿನಲ್ಲೇ ಚಹಾ ಕುಡಿದು ಅದೇ ಬಸ್ಸಿಗೆ ವಾಪಸಾದೆ. ಏನೆಂದು ಹೇಳಲಿ? ನಿನ್ನ ಸುಣ್ಣ ಹಚ್ಚಿದ ನನ್ನ ದೇವರ ಕೋಣೆಯ ಗೋಡೆಯಲ್ಲಿ ಒಂದು ಬಿರುಕೂ ಇಲ್ಲ ಅಂತಲೇ?

ಸಮಿತಿಯವರು ಹೊಸ ಬೋರ್ಡಿಗೆ ಒಕ್ಕಣೆ ಕೇಳಿದ್ದಾರೆ. “ಈ ಸಲ ಖರೇದು ಬರೀರಿ, ಆದ್ರ ಮಂದಿ ಬರಂಗಿರ್ಲಿ” ಎಂದಿದ್ದಾರೆ. ಹಳೆಯ ಬೋರ್ಡಿನ ಅಡಿಯಲ್ಲಿ ಅಧ್ಯಕ್ಷರಿದ್ದಾರೆ, ಕಂಟ್ರಾಕ್ಟರ್ ಇದ್ದಾನೆ, ‘ಇತಿಹಾಸ ಸಂಶೋಧನೆ’ ಎಂದು ನಾನಿದ್ದೇನೆ. ಹುಟ್ಟದೇ ಇದ್ದ ರಾಣಿಗೂ ಹೆಸರಿದೆ.

ತೊಟ್ಟಿ ಆರದಂತೆ ದಿನಾ ನೀರು ಹೊಯ್ದವಳ ಹೆಸರಿಲ್ಲ. ಅವಳು ತುಳಜಾಬಾಯಿ.