ಒಂಬತ್ತನೆಯ ಪದ ಹಾಡಿದವಳು

ಹುಮನಾಬಾದಿನ ಹಳೇ ಊರಿನಲ್ಲಿ ಗಯಾಬಾಯಿಯನ್ನು ಕೆಣಕಲು ಎರಡು ದಾರಿ ಇದ್ದವು. ಹೊಲದಲ್ಲಿ ಅವಳ ಸಾಲು ಹಿಂದೆ ಬಿದ್ದಿದೆ ಎನ್ನಬೇಕು, ಇಲ್ಲವೇ ಅವಳು ಹಾಡಿದ ಪದವನ್ನು ಬೇರೆ ಯಾರೋ ಹಾಡಿದರೆಂದು ಹೇಳಬೇಕು. ಮೊದಲನೆಯದಕ್ಕೆ ಹೊಟ್ಟೆ ತುಂಬ ಬೈಗುಳ ಸಿಗುತ್ತಿತ್ತು. ಎರಡನೆಯದಕ್ಕೆ ಆರು ತಿಂಗಳು ಮಾತು ಬಂದ್.

ಕೊಡಂಬಲದಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದವಳು. ವಯಸ್ಸು ಐವತ್ತೇಳು, ಗಂಡ ತೀರಿಕೊಂಡು ಹನ್ನೆರಡು ವರ್ಷ, ಮಾಡುವುದು ಹೊಲದ ಕೂಲಿ. ಅಕ್ಷರ ಬಾರದು, ಆದರೆ ಮುನ್ನೂರು ಪದ ಬಾಯಲ್ಲಿವೆ. ಸೋಮವಾರದ ಭಜನೆಯಲ್ಲಿ ಅವಳು ಸಾಲು ಎತ್ತುತ್ತಾಳೆ, ಮಂಡಳಿಯ ಉಳಿದ ಎಂಟು ಹೆಂಗಸರು ಹಿಂದೆ ಕೂತು ಅದನ್ನೇ ತಿರುಗಿ ಹೇಳುತ್ತಾರೆ. ಗಯಾಬಾಯಿ ಜನ್ಮದಲ್ಲಿ ಯಾರ ಹಿಂದೆಯೂ ಹಾಡಿದವಳಲ್ಲ. ಒಮ್ಮೆ ಚಿಟಗುಪ್ಪದಲ್ಲಿ ಮೈಕಿನವನು ಇವರ ಪಾಳಿ ಬಂದಾಗ “ಶಕುಂತಲಾಬಾಯಿ ಮತ್ತು ಸಂಗಡಿಗರು” ಎಂದು ಕೂಗಿದ್ದಕ್ಕೆ ತಾಳ ಕೆಳಗಿಟ್ಟು, ಪ್ರಸಾದವನ್ನೂ ಮುಟ್ಟದೆ ಬಸ್ಸು ಹತ್ತಿದ್ದಳು. ತಪ್ಪು ಮೈಕಿನವನದು, ಆರು ತಿಂಗಳ ಶಿಕ್ಷೆ ಶಕುಂತಲಾಬಾಯಿಗೆ. ಪಾಪ, ಕಿರಾಣಿ ಅಂಗಡಿ ಮನೆಯ ಆ ಸಾಧು ಹೆಂಗಸು ಮಾಡಿದ್ದಿಷ್ಟೇ, ಮಂಡಳಿಯ ಪೇಟಿ ತಬಲಾ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದಳು.

ಇಂಥ ಗಯಾಬಾಯಿ ಇಡ್ಲಿ ಮಾರುವ ಒಬ್ಬಳ ಹಿಂದೆ ಕೂತು ಹಾಡಿದ ಕತೆ ಇದು.

ಬಸ್ ಸ್ಟ್ಯಾಂಡಿನ ಎದುರು ಇಡ್ಲಿ ಬಂಡಿ ಇಟ್ಟ ಪೊನ್ನುತ್ತಾಯಿ ತಮಿಳುನಾಡಿನವಳು. ಬೋರ್‌ವೆಲ್ ಲಾರಿಯ ಜೊತೆ ಬಂದ ಅವಳ ಗಂಡ ಇಲ್ಲಿನ ಕಲ್ಲು ಕೊರೆದು ಬೇಸತ್ತು ಬಂಡಿ ಹಾಕಿದ, ವ್ಯಾಪಾರ ಕುದುರುವ ಹೊತ್ತಿಗೆ ಸತ್ತ. ಹೆಂಡತಿ ಊರಿಗೆ ಮರಳಲಿಲ್ಲ. ಅಷ್ಟುದ್ದದ ಹೆಸರು ಯಾರು ಕರೆಯಬೇಕೆಂದು ಊರು ಅವಳನ್ನು ಪೊನ್ನಕ್ಕ ಮಾಡಿಕೊಂಡಿತು. ಬೆಳಗಿನ ಇಡ್ಲಿ ಬೇಯುವಷ್ಟು ಹೊತ್ತು ಆಕೆ ತಮಿಳಿನಲ್ಲಿ ಒಂದೇ ಹಾಡು ಹಾಡುತ್ತಿದ್ದಳು. ಹೊಲಕ್ಕೆ ಒಯ್ಯುವ ಟಂಟಂ ಆಟೊ ಕಾಯುತ್ತ ಗಯಾಬಾಯಿ ಅದನ್ನು ವರ್ಷಾನುಗಟ್ಟಲೆ ಕೇಳಿದ್ದಳು. ಧಾಟಿ ಬರುತ್ತಿತ್ತು, ಅರ್ಥ ಕೇಳುವ ಪುರಸೊತ್ತು ಬಂದಿರಲಿಲ್ಲ.

ಕಾರ್ತಿಕದ ಒಂದು ಶುಕ್ರವಾರ ಬಂಡಿ ಇತ್ತು, ಹಾಡು ಇರಲಿಲ್ಲ.

“ಯಾಕ ಪೊನ್ನಿ, ಇವತ್ತ ದೇವರಿಗಿ ಸೂಟಿ ಕೊಟ್ಟೀ ಏನ?”

ಪೊನ್ನಕ್ಕ ಸೆರಗು ಸರಿಸಿ ಕೊರಳು ತೋರಿಸಿದಳು. ನಿಂಬೆಹಣ್ಣಿನಷ್ಟು ಗಂಟು.

“ಬೀದರದಾಗ ಆಪರೇಷನ್ ಮಾಡ್ತಾರಂತ. ಇನ್ನ ಹನ್ನೆರಡು ದಿನ ಅದ. ಜೀವಕ್ಕ ಫಿಕರ್ ಇಲ್ಲ, ಖರೆ ದನಿ ಉಳೀತದಂತ ಹೇಳಾಕ ಬರಲ್ಲ ಅಂದ್ರು ಡಾಕ್ಟರ್.” ಇಡ್ಲಿ ತಟ್ಟೆ ಕೈಯಲ್ಲೇ ಉಳಿಯಿತು. “ದನಿ ಹೋದ್ರ ಹೋಗಲಿ ಅಕ್ಕಾ. ಈ ಹಾಡು ನಾ ಒಮ್ಮೆನೂ ಬರಾಬರ್ ಹಾಡಲಿಲ್ಲ. ಇದು ಇಬ್ಬರು ಹಾಡೋ ಹಾಡು. ನಾ ಒಬ್ಬಾಕಿನೇ ಎರಡೂ ಕಡೆ ಹಾಡಕೋತ ಬಂದೀನಿ.”

ಆಗ ಗಯಾಬಾಯಿ ಮೊದಲ ಸಲ ಅರ್ಥ ಕೇಳಿದಳು. ಹಾಡು ಪೊನ್ನಕ್ಕನ ಅಜ್ಜಿಯ ಮನೆಯದು. ಹಿಂದೆ ಯಾರೋ ಗಂಡಸೇ ಹುಡುಗಿ ಹೇಳುವ ಹಾಗೆ ಕಟ್ಟಿದ್ದು, ದೇವರ ಮುಂದೆ ಆ ಕಡೆಯ ಗಂಡಸರೂ ಹೆಣ್ಣಾಗಿ ಹಾಡುತ್ತಾರೆ. ಆ ಒಂದೇ ಹಾಡಿನಲ್ಲಿ ಒಂಬತ್ತು ಪದ. ಒಂದರಲ್ಲಿ ಹುಡುಗಿ ದೇವರಿಗಾಗಿ ಹಂಬಲಿಸುತ್ತಾಳೆ, ಮುಂದಿನದರಲ್ಲಿ ಗೆಳತಿ ಅವಳನ್ನು ವಿಚಾರಿಸುತ್ತಾಳೆ. ಪದದಿಂದ ಪದಕ್ಕೆ ಹುಡುಗಿ ಕರಗುತ್ತ ಹೋಗುತ್ತಾಳೆ. ಒಂಬತ್ತನೆಯದನ್ನು ಇಬ್ಬರೂ ಕೂಡಿ ಹಾಡಬೇಕು, ಅದರಲ್ಲಿ ನಾನು ಎಂಬ ಮಾತೇ ಇಲ್ಲ.

“ನಮ್ಮಜ್ಜಿ ಹೇಳ್ತಿದ್ಲು, ಒಬ್ಬಾಕಿ ಕಳಕೋಬೇಕು, ಇನ್ನೊಬ್ಬಾಕಿ ಹುಡುಕಬೇಕು, ಕಡೀಗಿ ಇಬ್ಬರೂ ಸಿಗಬಾರದು ಅಂತ.”

ಟಂಟಂ ಬಂದು ಹಾರ್ನ್ ಹೊಡೆಯಿತು. ಗಯಾಬಾಯಿ ಏಳಲಿಲ್ಲ. ಒಂಬತ್ತು ದಿನಕ್ಕೆ ಬಸವಕಲ್ಯಾಣದಲ್ಲಿ ಹೆಣ್ಣುಮಕ್ಕಳ ಭಜನಾ ಮೇಳ ಇತ್ತು, ಮಂಡಳಿಗೊಂದೇ ಹಾಡಿನ ಪಾಳಿ. ಪ್ರತಿ ವರ್ಷ ಆ ಹಾಡು ಗಯಾಬಾಯಿಯದೇ.

“ಗೆಳತಿ ಮಾತು ನಾ ಕಲೀತೀನಿ. ಈ ಸಲ ಕಲ್ಯಾಣದಾಗ ನಮ್ಮ ಪಾಳಿ ನಿನಗ,” ಎಂದಳು. ಅಂದದ್ದನ್ನು ಹಿಂತೆಗೆದುಕೊಳ್ಳುವ ಜಾಯಮಾನ ಅವಳದಲ್ಲ.

ಕಲಿಯುವುದೇನೂ ಕಷ್ಟವಾಗಲಿಲ್ಲ, ಕೇಳಿ ಕೇಳಿ ಪಳಗಿದ ಕಿವಿ. ಕಷ್ಟ ಬೇರೆ ಕಡೆ ಇತ್ತು. ಪದ ಬಾಯಿಗೆ ಬಂದದ್ದೇ ತಡ ಗಯಾಬಾಯಿ ಅದಕ್ಕೆ ತನ್ನ ಭಜನೆಯ ಎಲ್ಲ ಒಡವೆ ತೊಡಿಸಿದಳು. ಸಾಲಿನ ಕೊನೆಗೆ ಎಳೆತ, ನಡುವೆ ಒಂದು ತಾನ, ಮೇಲಿನ ಸ್ವರದಲ್ಲಿ ಒಂದು ಕೂಗು. ಬಸ್ ಕಾಯುವವರು ತಿರುಗಿ ನೋಡಿದರು. ಪೊನ್ನಕ್ಕನ ಸಣ್ಣ ದನಿ ಅದರಡಿ ಸಿಕ್ಕಿ ಉಸಿರುಗಟ್ಟಿತು.

ಮೂರನೆಯ ದಿನ ಪೊನ್ನಕ್ಕ ಹಾಡು ನಿಲ್ಲಿಸಿದಳು. “ಅಕ್ಕಾ, ಸಿಟ್ಟಾಗಬ್ಯಾಡ. ನೀ ಹುಡುಗಿನ್ನ ಹುಡುಕಾಕತ್ತಿಲ್ಲ, ನಿನ್ನ ತೋರಸಾಕತ್ತಿ.”

ಸಿಟ್ಟಾಗಬೇಡ ಎಂದರೆ ಕೇಳುವ ಪೈಕಿಯೇ! ಗಯಾಬಾಯಿ ಎದ್ದು, ರಸ್ತೆ ದಾಟಿ, ಪೀರ್ ಪಾಷಾನ ಹೋಟೆಲಿನಲ್ಲಿ ಪೊನ್ನಕ್ಕನಿಗೆ ಕಾಣುವಂತೆ ಕೂತು ಚಹಾ ಕುಡಿದಳು. ಮರುದಿನವೂ ಕುಡಿದಳು. ಆ ಚಹಾ ಅವಳಿಗೆ ಎಂದೂ ಸೇರಿದ್ದಲ್ಲ.

ಅಂದು ಕೆಲಸ ಕಡಲೆ ಹೊಲದಲ್ಲಿ, ಕಳೆ ತೆಗೆಯುವುದು. ಹೆಂಗಸರೆಲ್ಲ ಬದುವಿನಲ್ಲಿ ಒಟ್ಟಿಗೆ ಕೂತು ತಲೆಗೊಂದು ಸಾಲು ಹಿಡಿಯುತ್ತಾರೆ, ಆಚೆಯ ಬದುವನ್ನೂ ಒಟ್ಟಿಗೇ ಮುಟ್ಟಬೇಕು. ಯಾರಾದರೂ ಹಿಂದೆ ಬಿದ್ದರೆ ಎಡಬಲದವರು ಕೈ ಚಾಚಿ ಅವಳ ಸಾಲಿನ ಕಳೆಯನ್ನೂ ಕೀಳುತ್ತ ಹೋಗುತ್ತಾರೆ. ಗಯಾಬಾಯಿ ಎಷ್ಟೋ ಮಂದಿಗೆ ಹಾಗೆ ಕಿತ್ತುಕೊಟ್ಟಿದ್ದಳು, ಆಮೇಲೆ ಅದನ್ನು ಹೇಳಿಯೂ ತೋರಿಸಿದ್ದಳು. ಅಂದು ಪೊನ್ನಕ್ಕನ ಮಾತನ್ನೇ ಅಗಿಯುತ್ತ ಅವಳ ಕೈ ಸುಮ್ಮನೆ ನಿಂತಿತ್ತು. ಎಚ್ಚರವಾಗಿ ತಲೆ ಎತ್ತಿದರೆ ಉಳಿದವರು ಮಾರು ದೂರ ಮುಂದೆ. ನಾಚಿಕೆಯಿಂದ ತನ್ನ ಸಾಲು ನೋಡಿಕೊಂಡಳು. ಅವರಿದ್ದಲ್ಲಿಯವರೆಗೂ ಸ್ವಚ್ಛವಾಗಿತ್ತು.

“ಯಾರು ಕಿತ್ತೀರೇ ಇದನ್ನ?”

“ಯಾರಿಗಿ ಗೊತ್ತವ್ವ? ಯಾರದರ ಕೈ ಕಿತ್ತಿರತದ. ಬಾ ಮುಂದ,” ಎಂದರು.

ಆ ಸಾಲನ್ನು ಅವಳು ಬಹಳ ಹೊತ್ತು ನೋಡಿದಳು. ಎಲ್ಲಿ ಒಬ್ಬಳ ಕೈ ಮುಗಿದು ಇನ್ನೊಬ್ಬಳ ಕೈ ಶುರುವಾಯಿತೆಂದು ಹೇಳುವ ಗುರುತು ಒಂದೂ ಇರಲಿಲ್ಲ. ಮಣ್ಣಿಗೆ ಅದರ ಹಂಗೂ ಇರಲಿಲ್ಲ.

ಮರುದಿನ ನಸುಕಿನಲ್ಲೇ ಬಂಡಿಯ ಮುಂದೆ ಹಾಜರಾದಳು. “ಕಲಿಸು. ಈಗ ನನ್ನ ದನಿ ಕಂಡ್ರ ಸೌಟಿಲೆ ಹೊಡಿ.”

ಪೊನ್ನಕ್ಕ ಹೊಡೆಯಲಿಲ್ಲ, ಆದರೆ ಎರಡು ಸಲ ಸೌಟು ಎತ್ತಿದ್ದು ನಿಜ. ಗಯಾಬಾಯಿ ಆಕೆಯ ಕೊರಳ ಮೇಲೆ ಕಣ್ಣಿಟ್ಟು ಕೂತಳು. ಆ ಉಸಿರು ಎಲ್ಲಿ ಮುರಿಯುತ್ತದೆ, ಎಲ್ಲಿ ನಡುಗಿ ಮತ್ತೆ ಹಿಡಿಯುತ್ತದೆ ಎಂದು ಕಲಿತಳು. ಎಳೆತ ಬಿಟ್ಟಳು, ಕೂಗು ಬಿಟ್ಟಳು. ತಾನ ಬಿಡುವುದು ಮಾತ್ರ ಸುಲಭವಾಗಲಿಲ್ಲ, ಅದನ್ನು ಅವಳು ಅವ್ವನಿಂದ ಕಲಿತಿದ್ದಳು. ಆದರೂ ಬಿಟ್ಟಳು.

ಸುದ್ದಿ ಕೇಳಿ ಶಕುಂತಲಾಬಾಯಿ ಓಡಿ ಬಂದಳು. “ತಮಿಳು ಹಾಡು ಯಾರಿಗಿ ತಿಳೀತದ ಗಯಾ?”

“ದೇವರಿಗಿ ತಿಳೀತದ. ನಿಮಗ ನಾ ಆಮ್ಯಾಲ ಹೇಳ್ತೀನ್ರಿ.”

“ಮುಂದ ಯಾರು ಕೂಡತಾರ?”

“ಪೊನ್ನಿ. ನಾ ಹಿಂದ.”

ಶಕುಂತಲಾಬಾಯಿ ಗಯಾಬಾಯಿಯ ಹಣೆಗೆ ಕೈ ಇಟ್ಟು ಜ್ವರ ನೋಡಿದಳು.

ಭಾನುವಾರ ಮಧ್ಯಾಹ್ನ ಕಲ್ಯಾಣದ ಸಮುದಾಯ ಭವನ ತುಂಬಿತ್ತು. ಹುಲಸೂರಿನಿಂದ, ಗಡಿಯಾಚೆಯ ಊರುಗಳಿಂದ ಹದಿನೆಂಟು ಮಂಡಳಿ. ಇವರ ಪಾಳಿ ಬಂದಾಗ ಮೈಕಿನವನು ಚೀಟಿ ನೋಡಿ ತಡವರಿಸಿ “ಪೊನ್ನುತ್ತಾಯಿ ಮತ್ತು ಸಂಗಡಿಗರು” ಎಂದ. ಎಂಟೂ ಹೆಂಗಸರು ಗಯಾಬಾಯಿಯ ಮುಖ ನೋಡಿದರು. ಅವಳು ಪೊನ್ನಕ್ಕನ ಬೆನ್ನಿಗೆ ತಾಗುವಷ್ಟು ಹತ್ತಿರ, ಹಿಂದೆ ಕೂತಳು.

ಹುಡುಗಿ ಹಂಬಲಿಸಿದಳು, ಗೆಳತಿ ವಿಚಾರಿಸಿದಳು. ಗುಜುಗುಜು ನಿಂತಿತು. ಎಂಟು ಪದ ಮುಗಿದು ಒಂಬತ್ತನೆಯದನ್ನು ಇಬ್ಬರೂ ಎತ್ತಿದರು. ಎರಡನೆಯ ಸಾಲಿಗೆ ಪೊನ್ನಕ್ಕನ ದನಿ ಹೋಯಿತು. ಬೆನ್ನು ಉಬ್ಬುತ್ತಿದ್ದುದು ಗಯಾಬಾಯಿಗೆ ತಾಗುತ್ತಿತ್ತು, ಓರೆಯಲ್ಲಿ ಕಾಣುವ ತುಟಿ ಆಡುತ್ತಿತ್ತು, ಸದ್ದಿಲ್ಲ. ನಿಲ್ಲಿಸಿದರೆ ಹಾಡು ಹಾಳು. ತನ್ನ ಗಟ್ಟಿ ದನಿಯಲ್ಲಿ ಎತ್ತಿದರೆ ಭವನವೇನೋ ಮೆಚ್ಚೀತು, ಆದರೆ ಹಾಡು ಗಯಾಬಾಯಿಯದಾಗಿಬಿಡುತ್ತದೆ, ಪೊನ್ನಿಗೆ ಕೊನೆಗೂ ಏನೂ ಉಳಿಯುವುದಿಲ್ಲ.

ಅವಳು ಆ ಬೆನ್ನಿನ ಉಸಿರು ಹಿಡಿದಳು. ಅದು ಮುರಿದಲ್ಲಿ ಮುರಿದಳು, ನಡುಗಿದಲ್ಲಿ ನಡುಗಿದಳು. ನಾಲ್ಕನೆಯ ಸಾಲು ದಾಟುವಾಗ ಯಾವ ಬಾಯಿಂದ ದನಿ ಬರುತ್ತಿದೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಗೊತ್ತಾಗಬೇಕೆಂದು ಅನಿಸಲೂ ಇಲ್ಲ. ಜನ್ಮದಲ್ಲಿ ಅವಳು ಅಷ್ಟು ಸುಖವಾಗಿ ಹಾಡಿದ್ದಿಲ್ಲ. ಕೊನೆಯ ಸಾಲು ಮುಗಿದಾಗ ಯಾರೋ ಮೈ ಅಲುಗಿಸಿ ಎಬ್ಬಿಸಿದ ಹಾಗಾಯಿತು.

ಶಕುಂತಲಾಬಾಯಿ ಕಣ್ಣೊರೆಸಿಕೊಳ್ಳುತ್ತ ಬಂದು ಪೊನ್ನಕ್ಕನ ಕೈ ಹಿಡಿದಳು. “ಎಂಥಾ ದನಿ ಅದ ಪೊನ್ನಕ್ಕ! ಆ ಕಡೀ ಪದ ನೀ ಹಾಡಿದಿ ನೋಡು, ಅದರಾಂಗ ಯಾರೂ ಹಾಡಿಲ್ಲ ಇವತ್ತ. ನಮ್ಮ ಗಯಾನೂ ಒಂದಿನ ಹಾಂಗ ಹಾಡಿಲ್ಲ.”

ಪೊನ್ನಕ್ಕ ತಲೆ ಅಲ್ಲಾಡಿಸಿದಳು. ಹೇಳಲು ಬಾಯಿ ತೆರೆದಳು, ದನಿ ಇಲ್ಲ. ಬೆರಳೆತ್ತಿ ಹಿಂದಿದ್ದ ಗಯಾಬಾಯಿಯನ್ನು ತೋರಿಸಿದಳು, ಕಣ್ಣಲ್ಲಿ ನೀರು.

ಗಯಾಬಾಯಿ ಹೊಟ್ಟೆಯಿಂದ ಏಳಬೇಕಾದ ಸಿಟ್ಟಿಗಾಗಿ ಒಂದು ಗಳಿಗೆ ಕಾದಳು. ಅದು ಬರಲಿಲ್ಲ. ತನ್ನ ಕಡೆ ಚಾಚಿದ್ದ ಬೆರಳನ್ನು ಹಿಡಿದು ಮೆಲ್ಲಗೆ ಮಡಿಚಿ, ಆ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು.

“ಹೌದ್ರಿ. ಇಕಿನೇ ಹಾಡಿದ್ಲು,” ಎಂದಳು.

ಶಕುಂತಲಾಬಾಯಿ ಮತ್ತೆ ಅವಳ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು.