ಖಮ್ಮೂನನ ಎಡಪಾದ

ಸತ್ತ ಗಂಡನ ಮುಖ ನೋಡಲು ಹೆದರಿ ಬುವಾಲಾ ಕಾಲಿನ ಕಡೆ ಹೋಗಿ ನಿಂತಳು. ಎಡಪಾದದ ಮೇಲಿನ ಚರ್ಮ ಬಿಚ್ಚಿಕೊಂಡೇ ಇತ್ತು.

ಖೋನ್ ಕೇನ್ ಊರಿನಲ್ಲಿ ಸೈಕಲ್ ರಿಕ್ಷಾ ತುಳಿದು ಬದುಕಿದ ಖಮ್ಮೂನ್ ತನ್ನ ದೇಹವನ್ನು ಡಾಕ್ಟರಿಕೆ ಕಲಿಯುವ ಮಕ್ಕಳಿಗೆ ಕೊಟ್ಟುಹೋಗಿದ್ದ. "ಇದ್ದಷ್ಟು ದಿನ ನಾನು ಜನರನ್ನ ಎಳೆದೆ, ಇನ್ನು ಮಕ್ಕಳು ನನ್ನ ಎಳೀಲಿ. ಏನೂ ಮಿಗಿಸ್ಬೇಡಿ," ಎಂದಿದ್ದ. ಮಕ್ಕಳು ಅವನನ್ನು ಮಹಾಗುರು ಎಂದೇ ಕರೆದರು. ಈಗ ಓದು ಮುಗಿದಿತ್ತು. ನಾಳೆ ಚಿತೆ. ಇವತ್ತು ದೇಹವನ್ನು ಹೊಲಿದು ಬಿಳಿ ಬಟ್ಟೆ ಸುತ್ತಬೇಕು.

ರಿನ್ ಎಂಬ ವಿದ್ಯಾರ್ಥಿನಿ ಬುವಾಲಾಳ ಮುಂದೆ ಮಂಡಿಯೂರಿ ಕೈಮುಗಿದಳು.

"ಅಜ್ಜಿ, ಒಂದು ಬೇಡ್ಕೋತೀನಿ. ಹೆಬ್ಬೆರಳು ಎತ್ತೋ ಸ್ನಾಯುವಿನ ಹುರಿ ಹೆಚ್ಚಿನೋರಿಗೆ ಒಂದೇ. ಗುರುಗಳ ಈ ಕಾಲಲ್ಲಿ ಅದು ಮೂರಾಗಿದೆ. ಒಂದಂತೂ ಪಕ್ಕದ ಬೆರಳಿಗೇ ಹೋಗಿದೆ. ಈ ಪಾದ ನಮ್ಮಲ್ಲೇ ಇದ್ರೆ ಮುಂದಿನೋರೂ ನೋಡ್ತಾರೆ. ಹೀಗೂ ಇರುತ್ತೆ ಅಂತ ಗೊತ್ತಿಲ್ದೆ ಕತ್ತಿ ಆಡಿಸಿದ್ರೆ ಬದುಕಿರೋರ ಕಾಲು ಹೋಗುತ್ತೆ."

ಬುವಾಲಾಳಿಗೆ ಅದು ಹೊಸದಲ್ಲ. ಖಮ್ಮೂನ್ ಹೆಬ್ಬೆರಳು ಎತ್ತಿದರೆ ಪಕ್ಕದ್ದೂ ಏಳುತ್ತಿತ್ತು. "ಯಜಮಾನ ಎದ್ರೆ ಹೆಂಡ್ತಿ ಏಳ್ಬೇಡ್ವೇನೆ?" ಎಂದು ಚಾಪೆಯ ಮೇಲೆ ಮಲಗಿಯೇ ಆ ಎರಡು ಬೆರಳಿಂದ ಅವಳ ಮೀನಖಂಡ ಚಿವುಟುತ್ತಿದ್ದ.

ಅವಳ ಅತ್ತಿಗೆ, ಖಮ್ಮೂನನ ಅಕ್ಕ ಥೋಂಗ್‌ಸಿ, ಕಿವಿಗೆ ಬಾಯಿಟ್ಟಳು. "ಹೂಂ ಅಂದ್ಬಿಟ್ಟೀಯ, ಜೋಕೆ. ಪಾದ ಬಿಟ್ಟು ಸುಟ್ರೆ ಪಾದ ಇಲ್ದೆ ಹುಟ್ತಾನೆ. ಅಂಪೈ ಹೊಟ್ಟೆ ಮರೆತ್ಯಾ?"

ಮರೆಯುವುದೆಲ್ಲಿಂದ ಬಂತು? ಮಗಳು ಅಂಪೈಗೆ ದಿನ ತುಂಬುತ್ತಿತ್ತು. ಖಮ್ಮೂನ್ ಅವಳ ಕನಸಿನಲ್ಲಿ ಬಂದು, ಚಪ್ಪಲಿ ಕೈಲಿ ಹಿಡಿದು ಮೆಟ್ಟಿಲ ಬಳಿ ನಿಂತು, "ಮಲಗಕ್ಕೆ ಜಾಗ ಇದ್ಯೇನಮ್ಮ?" ಎಂದು ಕೇಳಿದ್ದ. ಅವನು ಬೆಂಕಿಗಾಗಿ ಕಾಯುತ್ತಿದ್ದಾನೆ, ಆಮೇಲೆ ಆ ಹೊಟ್ಟೆಗೇ ಬರುತ್ತಾನೆ ಎಂದು ಕೇರಿಗೆಲ್ಲ ಗೊತ್ತು. ಸಾಲದ್ದಕ್ಕೆ, ಅವನು ಸತ್ತ ದಿನ ಬುವಾಲಾ ಮಡಕೆಯ ಮಸಿ ತೆಗೆದು ಗುರುತಿಟ್ಟಿದ್ದಳು, ಮರಳಿ ಹುಟ್ಟಿದಾಗ ಮಚ್ಚೆಯಿಂದ ಹಿಡಿಯಬಹುದೆಂದು. ಇಟ್ಟದ್ದು ಇದೇ ಹೆಬ್ಬೆರಳಿಗೆ. ಬೇರೆ ಜಾಗವೇ ಸಿಗಲಿಲ್ಲವೇ ತನಗೆ?

ಹುಟ್ಟಿದ ಕೂಸಿನ ಬಟ್ಟೆ ಬಿಡಿಸಿದರೆ ಒಂದು ಕಾಲು ಕಣಕಾಲಿಗೇ ಮುಗಿದಿರುವುದು ಕಣ್ಣಿಗೆ ಕಟ್ಟಿತು.

"ಹೆಚ್ಚಾಗಿರೋ ಹುರಿ ಮಾತ್ರ ತಗೊ ತಾಯಿ," ಎಂದಳು. "ಎಲ್ಲರಿಗೂ ಇರೋವಷ್ಟು ಅವನಿಗೆ ಕೊಟ್ಟು ಕಳಿಸು."

"ಕಿತ್ತರೆ ಅದು ಬರೀ ದಾರ ಅಜ್ಜಿ. ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಪಾದದಲ್ಲೇ ಕಾಣ್ಬೇಕು."

"ಇಲ್ಲ ಅನ್ನು," ಎಂದು ಥೋಂಗ್‌ಸಿ ತೋಳು ಜಗ್ಗಿದಳು. "ಅವನು ಬದುಕಿದ್ದಾಗ್ಲೂ ಬುದ್ಧಿ ಇಲ್ಲ, ಸತ್ತ ಮೇಲೂ ಇಲ್ಲ."

ಏನೂ ಮಿಗಿಸಬೇಡಿ ಎಂದವನು ಅವನೇ. ಮಾತು ಮೀರಿದರೆ ಅವನ ಮುನಿಸು, ಮೀರದಿದ್ದರೆ ಕೂಸಿನ ಕಾಲು. ಬುವಾಲಾ ಕೈಗೆ ಸಿಕ್ಕಿದ್ದನ್ನು ಹಿಡಿದಳು. ಅದು ಅವನ ಹಿಮ್ಮಡಿ. ತಣ್ಣಗೆ, ಗಡುಸಾಗಿತ್ತು. ಆದರೂ ಪೆಡಲ್ ತುಳಿದ ಜಡ್ಡು ಹಾಗೇ ಇತ್ತು.

"ಕೊಡಲ್ಲ," ಎಂದಳು. "ಇಡೀ ಮನುಷ್ಯ ಮನೆಗೆ ಬರ್ಬೇಕು."

ರಿನ್ ತಲೆ ತಗ್ಗಿಸಿದಳು. "ಆಯ್ತು ಅಜ್ಜಿ." ಸೂಜಿಗೆ ದಾರ ಪೋಣಿಸಿದಳು.

"ತಡಿ," ಎಂದಳು ಬುವಾಲಾ. "ಬೆಂಕಿ ನಾಳೆ ಅಲ್ವಾ? ಯಾಕೆ ಈಗ್ಲೇ ಹೊಲೀತೀಯ? ನಿನ್ನ ಕೆಳಗಿನ ಕ್ಲಾಸಿನ ಮಕ್ಕಳನ್ನೆಲ್ಲ ಕರಿ. ಸಂಜೆವರೆಗೂ ನೋಡ್ಕೊಳ್ಳಿ. ನಾನು ಇಲ್ಲೇ ಕೂತಿರ್ತೀನಿ."

"ಹೆದರ್ಕೊಂಡೇ ಸಾಯ್ತಿದ್ಲು, ಇನ್ನು ಹೆಣದ ಹತ್ರ ಕೂರ್ತಾಳಂತೆ," ಎಂದು ಥೋಂಗ್‌ಸಿ ಗೊಣಗುತ್ತಾ ಸ್ಟೂಲು ಎಳೆದುಕೊಟ್ಟಳು.

ಮಕ್ಕಳು ಸಾಲಾಗಿ ಬಂದರು. ಒಬ್ಬೊಬ್ಬರೂ ಕೈಮುಗಿದು ಬಾಗಿದರು. ರಿನ್ ಒಂದೊಂದು ಹುರಿಯನ್ನೂ ಮೆಲ್ಲಗೆ ಎತ್ತಿ ತೋರಿಸಿದಳು. ಮೂರನ್ನೂ ಸೇರಿಸಿ ಎತ್ತಿದಾಗಲೆಲ್ಲ ಎರಡೂ ಬೆರಳು ಒಟ್ಟಿಗೆ ಅಲುಗುತ್ತಿದ್ದವು. ಬುವಾಲಾ ಕಣ್ಣು ಬೇರೆ ಕಡೆ ತಿರುಗಿಸಿದಳೇ ಹೊರತು, ಯಾರಾದರೂ ಪಾದ ಒಯ್ದುಬಿಟ್ಟಾರೆಂದು ಹಿಮ್ಮಡಿಯ ಮೇಲಿನ ಕೈ ತೆಗೆಯಲಿಲ್ಲ.